ಕಾರು ನೋಡಲು ಘಟ್ಟವಿಳಿದುದು

ತೀರ್ಥಹಳ್ಳಿಯಿಂದ 9 ಕಿಲೋಮೀಟರು ಹೋಗಿ ಟಾರು ರಸ್ತೆಯನ್ನು ಬಿಟ್ಟು, ಗುಡ್ಡದ ಮಗ್ಗುಲನ್ನು ಹಿಡಿದು ಒಂದೂವರೆ ಕಿಲೋಮೀಟರು ಮಣ್ಣುದಾರಿಯಲ್ಲಿ ನಡೆದರೆ ನಮ್ಮ ಮನೆ ಸಿಕ್ಕುತ್ತದೆ. ದಾರಿಯ ಕೊನೆಯ ಭಾಗವು ಕಡಿದಾದ ಏರು. ಬೇಸಗೆಯಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ಆಷಾಢ ಬಂದಿತೆಂದರೆ ಗಾಲಿಜಾಡುಗಳಲ್ಲಿ ನೀರು ಹರಿದು ಅವು ಆಳವಾಗುತ್ತವೆ; ನಡುವಿನ ಮಣ್ಣು ದಿಬ್ಬದಂತೆ ಎದ್ದು ನಿಲ್ಲುತ್ತದೆ. ಹನ್ನೊಂದು ವರ್ಷ ನಮ್ಮ ಸಂಸಾರವನ್ನು ಹೊತ್ತ ಸಣ್ಣ ಕಾರು ಈ ದಿಬ್ಬದ ಮೇಲೆ ಹೊಟ್ಟೆಯುಜ್ಜಿಕೊಂಡು ಬರುವುದನ್ನು ಕಲಿತುಬಿಟ್ಟಿದ್ದಿತು. ಆ ಸದ್ದು ಕೇಳಿದರೆ ನಾಯಿಯೂ ಬೊಗಳದೆ ಸುಮ್ಮನಿರುತ್ತಿತ್ತು, ಯಜಮಾನರು ಬಂದರೆಂದು.

2025ನೆಯ ಇಸವಿಯ ಆಷಾಢದ ಒಂದು ರಾತ್ರಿ ನಮ್ಮ ಅಮ್ಮನಿಗೆ ಉಸಿರು ಸಿಕ್ಕದಂತಾಯಿತು. ಆಕೆಗೆ 78 ವರ್ಷ. ಎರಡು ವರ್ಷದ ಹಿಂದೆ ಸೊಂಟದ ಮೂಳೆ ಮುರಿದು ಕೂಡಿಸಿದ್ದಾರೆ. ಎತ್ತಿಕೊಂಡು ಬಂದು ಕಾರಿನಲ್ಲಿ ಕೂರಿಸಿದೆವು. ಇನ್ನೂರು ಗಜ ಹೋಗುವಷ್ಟರಲ್ಲಿ ಕಾರು ದಿಬ್ಬದ ಮೇಲೆ ಕುಳಿತುಬಿಟ್ಟಿತು. ಮುಂದಿನ ಎರಡು ಗಾಲಿಗಳೂ ಬರಿದೆ ತಿರುಗುತ್ತಿದ್ದುವು. ಮಳೆಯಲ್ಲಿ ಓಡಿಹೋಗಿ ನೆರೆಮನೆಯವರನ್ನು ಎಬ್ಬಿಸಿ, ಅವರ ಜೀಪು ಬಂದು, ಅಮ್ಮನನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಿ ತೀರ್ಥಹಳ್ಳಿಯನ್ನು ಮುಟ್ಟುವುದರೊಳಗೆ ಒಂದೂಕಾಲು ಗಂಟೆ ಕಳೆದಿತ್ತು. ದೇವರು ದೊಡ್ಡವನು, ಅಮ್ಮ ಗುಣಮುಖಳಾಗಿ ಮನೆಗೆ ಬಂದಳು. ಆ ದಿನವೇ ನನ್ನ ಹೆಂಡತಿ, "ಇನ್ನೊಂದು ಮಳೆಗಾಲಕ್ಕೆ ಈ ಕಾರು ಬೇಡ" ಎಂದಳು. ಅವಳು ಹೆಚ್ಚು ಮಾತನಾಡುವವಳಲ್ಲ. ಆದುದರಿಂದ ಮಾತು ಅಲ್ಲಿಗೇ ಮುಗಿಯಿತು.

ಆದರೆ ಯಾವ ಕಾರು? ನಮ್ಮದು ಅಡಕೆಯ ಬದುಕು. ಮಲೆನಾಡಿನ ತೋಟಗಳಿಗೆ ತಗಲಿದ ಎಲೆಚುಕ್ಕಿ ರೋಗವು ನಮ್ಮ ಮೂರೆಕರೆಯನ್ನೂ ಬಿಟ್ಟಿಲ್ಲ. ಕೂಡಿಟ್ಟ ಹಣ 13 ಲಕ್ಷವಿದ್ದಿತು; ಅದರಲ್ಲಿ ಅರ್ಧದಷ್ಟು ಮಂಗಳೂರಿನಲ್ಲಿ ಓದುತ್ತಿರುವ ಮಗಳ ಮುಂದಿನ ಎರಡು ವರ್ಷಗಳಿಗೆಂದು ತೆಗೆದಿಟ್ಟದ್ದು. ಹೊಸದನ್ನು ಕೊಂಡರೆ ಆ ಗಂಟಿಗೂ ಕೈಹಾಕಬೇಕು, ಇಲ್ಲವೆ ಸಾಲಕ್ಕೆ ಹೋಗಬೇಕು. ಹಳೆಯದನ್ನು ಕೊಂಡರೆ ಹಿಂದಿನವನ ಪಾಪವೆಲ್ಲ ನಮ್ಮ ತಲೆಗೆ ಬರಬಹುದು.

ಮೊದಲು ಹೊಸದನ್ನೇ ನೋಡೋಣವೆಂದು ದಸರೆಯ ತರುವಾಯ ಶಿವಮೊಗ್ಗೆಗೆ ಹೋದೆವು. 2025ರ ಸೆಪ್ಟೆಂಬರು 22ರಿಂದ ಸಣ್ಣ ಕಾರುಗಳ ಸರಕು ಮತ್ತು ಸೇವಾ ತೆರಿಗೆಯು, ಪೆಟ್ರೋಲಿನದಕ್ಕೆ ನೂರಕ್ಕೆ 29 ಇದ್ದುದು, ಡೀಸೆಲಿನದಕ್ಕೆ 31 ಇದ್ದುದು, ಎರಡಕ್ಕೂ 18ಕ್ಕೆ ಇಳಿದಿದ್ದಿತು. ಷೋರೂಮುಗಳಲ್ಲಿ ಜಾತ್ರೆಯಂತೆ ಜನ. ಅಲ್ಲಿ ನಿಂತಿದ್ದ ಕಾರುಗಳನ್ನು ನೋಡುತ್ತ ನನಗೊಂದು ಕುತೂಹಲವುಂಟಾಯಿತು. ಬೇರೆ ಬೇರೆ ಕಾರಖಾನೆಗಳಿಂದ ಬಂದ ಈ ಎತ್ತರದ ಸಂಸಾರಿ ಬಂಡಿಗಳ ಉದ್ದವು ಹೆಚ್ಚುಕಡಮೆ ಎಲ್ಲಕ್ಕೂ 3995 ಮಿಲಿಮೀಟರೇ ಏಕೆ? ಕಾರಣವು ಕಾರಖಾನೆಯಲ್ಲಿಲ್ಲ, ಮುಂಗಡಪತ್ರದಲ್ಲಿದೆ. 2006ರಲ್ಲಿ ಕೇಂದ್ರ ಸರಕಾರವು 4000 ಮಿಲಿಮೀಟರನ್ನು ಮೀರದ, ಪೆಟ್ರೋಲಾದರೆ 1200, ಡೀಸೆಲಾದರೆ 1500 ಸಿಸಿಯನ್ನು ಮೀರದ ಕಾರುಗಳ ಉತ್ಪಾದನಾ ಸುಂಕವನ್ನು 24ರಿಂದ 16ಕ್ಕೆ ಇಳಿಸಿತು. ಅಂದಿನಿಂದ ಆ ಗೆರೆ ಮುಂದುವರಿದು ಬಂದಿದೆ. 2013ರಲ್ಲಿ ಫೋರ್ಡಿನವರ ಎಕೋಸ್ಪೋರ್ಟ್, 2016ರಲ್ಲಿ ಮಾರುತಿಯವರ ವಿಟಾರಾ ಬ್ರೆಜ್ಜಾ, 2017ರಲ್ಲಿ ಟಾಟಾದವರ ನೆಕ್ಸಾನ್, 2019ರಲ್ಲಿ ಹ್ಯುಂಡೈಯವರ ವೆನ್ಯೂ ಇವೆಲ್ಲ ಆ ಗೆರೆಯೊಳಗೆ ಬಾಲವನ್ನು ಮಡಚಿಕೊಂಡು ನಿಂತಂಥವು. ಎದುರಿನಿಂದ ಗಂಭೀರವಾಗಿ ಕಂಡು ಹಿಂದುಗಡೆ ಥಟ್ಟನೆ ಮುಗಿದುಹೋಗುವುದು ಇದರಿಂದಲೇ. ಅಡಕೆ ಮೂಟೆ ಹಾಕುವ ನಮ್ಮಂಥವರಿಗೆ ಆ ಬಾಲದ ಕೊರತೆ ಕೂಡಲೇ ಕಾಣುತ್ತದೆ.

ಎಸ್‌ಯುವಿ ಎಂಬ ಮೂರಕ್ಷರದ ಮಾತಿನಲ್ಲಿ ಕಾಡುಮೇಡುಗಳ ಭರವಸೆಯಿದೆ. ಆದರೆ ಈ ಸಣ್ಣ ಜಾತಿಯವುಗಳಲ್ಲಿ ಸಾಮಾನ್ಯವಾಗಿ ಮುಂದಿನ ಎರಡು ಗಾಲಿಗಳಿಗೆ ಮಾತ್ರ ಯಂತ್ರದ ಎಳೆತವಿರುತ್ತದೆ, ನಮ್ಮ ಹಳೆಯ ಕಾರಿಗಿದ್ದಂತೆಯೇ. ಹೆಚ್ಚಿನದಾಗಿ ದೊರೆಯುವುದು ನೆಲದಿಂದ ಹೊಟ್ಟೆಗಿರುವ ಅಂತರ: ನಮ್ಮ ಹಳೆಯದಕ್ಕೆ 17 ಸೆಂಟಿಮೀಟರು, ಇವಕ್ಕೆ 19ರಿಂದ 20ರವರೆಗೆ. ಮೂರು ಬೆರಳಗಲಕ್ಕೂ ಕಡಮೆ. ಆ ಆಷಾಢದ ರಾತ್ರಿ ನಮಗೆ ಬೇಕಾಗಿದ್ದುದೂ ಮೂರು ಬೆರಳಗಲವೇ.

ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಮಾರುವ ಹುಡುಗನು ಪರದೆ, ಮಾತಾಡುವ ಯಂತ್ರ, ಮಾಳಿಗೆಯಲ್ಲಿ ತೆರೆಯುವ ಕಿಟಕಿ ಮೊದಲಾದುವನ್ನು ವಿವರಿಸುತ್ತಿರುವಾಗ ನನ್ನ ಹೆಂಡತಿಯು ಹಿಂದಿನ ಬಾಗಿಲನ್ನು ತೆಗೆದು, "ಅತ್ತೆ, ಕೂತು ನೋಡಿ" ಎಂದಳು. ನಮಗೆಲ್ಲ ಹಿಡಿಸಿದ್ದ ಕಾರಿನಲ್ಲಿ ಅಮ್ಮನಿಗೆ ಕೂರಲಾಗಲಿಲ್ಲ. ಆಸನವು ಸೊಂಟಕ್ಕಿಂತ ನಾಲ್ಕು ಬೆರಳು ಮೇಲಿದ್ದಿತು, ಹೊಸ್ತಿಲು ಅಗಲವಾಗಿದ್ದಿತು, ಕಾಲನ್ನು ಎತ್ತಿ ಒಳಗೆ ತರುವಾಗ ಮೊಣಕಾಲು ಬಾಗಿಲ ಕಂಬಕ್ಕೆ ತಾಗುತ್ತಿತ್ತು. ಇನ್ನೊಂದು ಕಂಪೆನಿಯ ಕಾರಿನಲ್ಲಿ ಬಾಗಿಲು ಸಾಕಷ್ಟು ಅಗಲ ತೆರೆಯುತ್ತಿರಲಿಲ್ಲ. ಮೂರನೆಯದರಲ್ಲಿ ಆಕೆ ಬೆನ್ನು ತಿರುಗಿಸಿ ಹಾಗೆಯೇ ಕುಳಿತು ಕಾಲೆಳೆದುಕೊಂಡಳು. ಮುದುಕರಿರುವ ಮನೆಯವರು ಈ ಪರೀಕ್ಷೆಯನ್ನು ಮಾಡದೆ ಮುಂಗಡ ಕೊಡಬಾರದು. ತಗ್ಗಾದ ಕಾರು ಏಳಲು ಕಷ್ಟ. ಅತಿ ಎತ್ತರದ್ದು ಹತ್ತಲು ಕಷ್ಟ. ನಿಂತಾಗ ಸೊಂಟಕ್ಕೆ ಸರಿಯಾಗಿ ಬರುವ ಆಸನವೇ ಲೇಸು.

ಆ ಮೂರನೆಯದರ ನಡುವಣ ದರ್ಜೆಗೆ, ವಿಮೆ, ಜೀವಿತಾವಧಿ ತೆರಿಗೆ ಎಲ್ಲ ಸೇರಿ ಸುಮಾರು 12 ಲಕ್ಷವಾಗುತ್ತದೆಂದು ಹುಡುಗನು ಬರೆದುಕೊಟ್ಟನು. ನಮ್ಮ ರಾಜ್ಯದಲ್ಲಿ ಈ ಜೀವಿತಾವಧಿ ತೆರಿಗೆ ಹಗುರವಲ್ಲ. ಬೆಲೆಯು 10 ಲಕ್ಷವನ್ನು ದಾಟಿತೆಂದರೆ ನೂರಕ್ಕೆ 14 ಇದ್ದುದು 17 ಆಗುತ್ತದೆ. ಈ ರಾಜ್ಯದಲ್ಲಿಯೇ ದಾಖಲಾದ ಹಳೆಯ ಕಾರಾದರೆ ಅದನ್ನು ಮೊದಲ ಯಜಮಾನನು ಕಟ್ಟಿಬಿಟ್ಟಿರುತ್ತಾನೆ. ವಿಮೆಯವರ ಸವಕಲು ಪಟ್ಟಿಯನ್ನು ನೋಡಿದರೆ ಕಾರಿನ ಬೆಲೆಯಿಂದ ಒಂದನೆಯ ವರ್ಷ ತುಂಬುವುದರೊಳಗೆ ನೂರಕ್ಕೆ 15, ಐದನೆಯ ವರ್ಷದಲ್ಲಿ 50 ಕಳೆಯುತ್ತಾರೆ. ಕಾರು ಅರ್ಧ ಸವೆದಿರುವುದಿಲ್ಲ, ಬೆಲೆ ಮಾತ್ರ ಸವೆದಿರುತ್ತದೆ.

ಹೊಸದರ ಪಕ್ಷದಲ್ಲಿ ಹೇಳಬೇಕಾದ ಮಾತು ಇಲ್ಲವೆಂದಲ್ಲ. ಅದನ್ನು ಹೇಳಿದವಳು ನನ್ನ ಹೆಂಡತಿಯೇ. ಈಗಿನ ಅನೇಕ ಕಾರುಗಳಲ್ಲಿ ಅಪಘಾತವಾದಾಗ ಉಬ್ಬಿಕೊಳ್ಳುವ ಗಾಳಿಚೀಲಗಳು ಆರಿರುತ್ತವೆ, ಹಳೆಯವುಗಳಲ್ಲಿ ಎರಡು. 2023ರ ಅಕ್ಟೋಬರಿನಿಂದ ನಮ್ಮ ದೇಶದಲ್ಲಿಯೇ ಕಾರುಗಳನ್ನು ಡಿಕ್ಕಿ ಹೊಡೆಸಿ ನಕ್ಷತ್ರ ಕೊಡುವ ಏರ್ಪಾಡೂ ಆಗಿದೆ. ಆಕೆ ಒಂದು ಗೆರೆಯನ್ನೆಳೆದಳು: ಹಳೆಯದಾದರೆ 2019ರ ಜುಲೈಗಿಂತ ಹಿಂದಿನದು ಬೇಡ. ಆ ವರ್ಷದ ಏಪ್ರಿಲಿನಿಂದ ಬ್ರೇಕು ಹಾಕಿದಾಗ ಗಾಲಿ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಜುಲೈಯಿಂದ ಚಾಲಕನ ಗಾಳಿಚೀಲವೂ ಕಡ್ಡಾಯವಾಯಿತು. ಘಟ್ಟದ ಮಳೆಯಲ್ಲಿ ಓಡಾಡುವವರಿಗೆ ಎಬಿಎಸ್ ಅಲಂಕಾರವಲ್ಲ.

ಹೀಗಿರುವಾಗ ಮಗಳ ಸ್ನೇಹಿತೆಯೊಬ್ಬಳ ಮನೆಯ ಕಡೆಯಿಂದ ಸುದ್ದಿ ಬಂದಿತು. ಮಣಿಪಾಲದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಕಾರನ್ನು ಮಾರುವರು. 2019ರ ಸೆಪ್ಟೆಂಬರಿನದು, ಡೀಸೆಲ್, 68 ಸಾವಿರ ಕಿಲೋಮೀಟರು ಓಡಿದ್ದು. ಅಮ್ಮ ಸುಲಭವಾಗಿ ಕುಳಿತ ಆ ಮೂರನೆಯ ಜಾತಿಯದೇ. ಕಂಪೆನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ನಮ್ಮ ಏರಿಗೆ ಹೊಂದಿದ್ದು ವಾಚಕರ ಬೀದಿಗೂ ಹೊಂದಬೇಕೆಂದೇನಿಲ್ಲ.

ಕಾರ್ತಿಕದ ಒಂದು ಬೆಳಗ್ಗೆ ನಾನೂ ನಮ್ಮ ಗರಾಜಿನ ಮೇಸ್ತ್ರಿಯೂ ತೀರ್ಥಹಳ್ಳಿಯಲ್ಲಿ ಉಡುಪಿಯ ಮಿನಿ ಬಸ್ಸನ್ನು ಹತ್ತಿದೆವು. ಆಗುಂಬೆಯ ಘಟ್ಟಕ್ಕೆ ದೊಡ್ಡ ಬಂಡಿಗಳನ್ನು ಬಿಡುವುದಿಲ್ಲವಾಗಿ ಈ ದಾರಿಯ ಬಸ್ಸುಗಳೆಲ್ಲ ಗಿಡ್ಡವೇ. ಮೇಗರವಳ್ಳಿ, ಗುಡ್ಡೇಕೇರಿಗಳನ್ನು ದಾಟುವಾಗ ಮಂಜು ಇನ್ನೂ ಗದ್ದೆಯ ಮೇಲೆ ಮಲಗಿದ್ದಿತು. ಕೊಯ್ಲಿಗೆ ಬಂದ ಬತ್ತ, ಆಚೆ ತೋಟದ ಕಪ್ಪುಗೆರೆ, ಅದರಾಚೆ ಕಾಡು. ಆಗುಂಬೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು, ಆ ದಿನ ತೊಳೆದಿಟ್ಟ ತಟ್ಟೆಯಂತೆ ಬಿಸಿಲಿಗೆ ಹೊಳೆಯುತ್ತಿದ್ದಿತು. ಶಂಕರನಾಗ್ ಅವರು ಮಾಲ್ಗುಡಿಯನ್ನು ಕಂಡುಕೊಂಡ ದೊಡ್ಡಮನೆಯನ್ನು ನೋಡಲು ಬಂದ ದೂರದೂರಿನ ಜನರ ಕಾರುಗಳು ಸಾಲಾಗಿ ನಿಂತಿದ್ದುವು. ಮೇಸ್ತ್ರಿಯು ಚಹಾ ಕುಡಿಯುತ್ತ ಒಂದೊಂದರ ಟೈರನ್ನೂ ನೋಡಿದನು. ಮನೆಯನ್ನು ನೋಡಲಿಲ್ಲ.

ಮುಂದೆ 14 ಕಡುತಿರುವುಗಳು. ಬಲಗಡೆ ಒಮ್ಮೆ ಬಂಡೆ, ಒಮ್ಮೆ ಬಯಲು. ಕೆಳಗೆ ಸೋಮೇಶ್ವರದ ಅಭಯಾರಣ್ಯದ ಹಸುರು, ಅದರ ಕೊನೆಯಲ್ಲಿ ಬೆಳ್ಳಗೆ ಕಡಲಿನ ಸುಳಿವು. 600 ಮೀಟರಿಗೂ ಮೇಲಿದ್ದ ನಾವು ಅರ್ಧ ಗಂಟೆಯೊಳಗೆ ಕರಾವಳಿಯ ಮಟ್ಟಕ್ಕೆ ಇಳಿದುಬಿಟ್ಟೆವು. ಸೋಮೇಶ್ವರದಲ್ಲಿ ಸ್ವೆಟರು ತೆಗೆದು ಚೀಲಕ್ಕೆ ಹಾಕಬೇಕಾಯಿತು. ನಮ್ಮ ಚಾಲಕನು ಎರಡನೆಯ ಗೇರಿನಲ್ಲಿಯೇ ಇಳಿಸಿದನು, ಬ್ರೇಕನ್ನು ಬೆರಳೆಣಿಕೆಯಷ್ಟು ಸಾರಿ ಮಾತ್ರ ತುಳಿದನು. "ನೋಡಿ ಗೌಡ್ರೇ, ಇವನ ಬಸ್ಸಾದ್ರೆ ಹಳೇದೇ ತಗೋಬಹುದು" ಎಂದು ಮೇಸ್ತ್ರಿಯು ಪಿಸುಗುಟ್ಟಿದನು. ಕಾರಿಗಿಂತ ಮೊದಲು ಅದನ್ನು ಓಡಿಸಿದವನನ್ನು ನೋಡಬೇಕೆಂಬುದು ಅವನ ಮತ. ಹೆಬ್ರಿ, ಹಿರಿಯಡಕಗಳನ್ನು ಕಳೆದು ಹತ್ತೂವರೆಗೆ ಮಣಿಪಾಲವನ್ನು ಸೇರಿದೆವು.

ಹಿರಿಯರು ಗೇಟಿನಲ್ಲಿಯೇ ನಿಂತಿದ್ದರು. ನಾವು ಬರುವ ತನಕ ಯಂತ್ರವನ್ನು ಚಾಲೂ ಮಾಡಬಾರದೆಂದು ಮೇಸ್ತ್ರಿಯು ಹಿಂದಿನ ದಿನವೇ ಫೋನಿನಲ್ಲಿ ಬೇಡಿಕೊಂಡಿದ್ದನು. ತಣ್ಣಗಿರುವ ಡೀಸೆಲ್ ಯಂತ್ರವು ಮೊದಲ ನಿಮಿಷದಲ್ಲಿ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆಯಂತೆ. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಬಿಸಿ! ಮೇಸ್ತ್ರಿಯ ಮುಖ ಸಣ್ಣಗಾಯಿತು. ಹಿರಿಯರು ನಕ್ಕು, "ಬೆಳಿಗ್ಗೆ ಹಾಲಿಗೆ ಹೋದದ್ದು ಮಾರಾಯ್ರೆ, ಮರೆತೇಹೋಯ್ತು. ತಣಿಯುವವರೆಗೆ ಕುಳಿತುಕೊಳ್ಳಿ, ಗಂಜಿ ಉಂಡು ಹೋಗುವಿರಂತೆ" ಎಂದರು. ಮೂರು ಗಂಟೆ ಕುಳಿತೆವು. ಆ ಹೊತ್ತಿನಲ್ಲಿ ಅವರ ಕತೆ ತಿಳಿಯಿತು. ಹೆಂಡತಿಗೆ ಸಂಧಿವಾತ, ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯಲೆಂದೇ ಎತ್ತರದ ಆಸನದ ಕಾರನ್ನು ಕೊಂಡಿದ್ದರು. ಆಕೆ ಹೋಗಿ ಒಂದು ವರ್ಷವಾಯಿತು. ತಮಗೆ ಕಣ್ಣು ಮಂಜಾಗಿದೆ. ಇನ್ನು ಬಂಡಿ ಬೇಡವೆಂದು ಮಕ್ಕಳು ಹೇಳಿದ್ದಾರೆ.

ಊಟದ ಬಳಿಕ ಪರೀಕ್ಷೆ ನಡೆಯಿತು. ಮೇಸ್ತ್ರಿಯು ಕೇಳಿದ ಮೊದಲ ಪ್ರಶ್ನೆ, "2020ರ ಸೆಪ್ಟೆಂಬರಿನಲ್ಲಿ ಗಾಡಿ ಎಲ್ಲಿತ್ತು?" ಎಂಬುದು. ಆ ತಿಂಗಳ 20ನೆಯ ತಾರೀಕು ಉಡುಪಿಯಲ್ಲಿ ಬಂದ ನೆರೆಯು ಎಷ್ಟೋ ಮನೆಗಳ ಅಂಗಳದಲ್ಲಿದ್ದ ಕಾರುಗಳನ್ನು ಮುಳುಗಿಸಿದ್ದಿತು. ಮಣಿಪಾಲವು ಗುಡ್ಡದ ಮೇಲಿದ್ದುದರಿಂದ ಉಳಿಯಿತೆಂದು ಹಿರಿಯರು ಹೇಳಿದರು. ಮೇಸ್ತ್ರಿಯು ನಂಬಿದನು, ಆದರೂ ಐದು ಸೀಟುಬೆಲ್ಟುಗಳನ್ನೂ ಕೊನೆಯವರೆಗೆ ಎಳೆದು ಕೆಸರಿನ ಗೆರೆಯಿದೆಯೇ ಎಂದು ನೋಡಿದನು. ಕಾರನ್ನು ತೊಳೆಯುವವರು ಎಲ್ಲವನ್ನೂ ತೊಳೆಯುತ್ತಾರೆ. ಸುರುಳಿಯೊಳಗೆ ಸೇರಿದ ಬೆಲ್ಟಿನ ತುದಿಯನ್ನು ಮಾತ್ರ ಮರೆಯುತ್ತಾರೆ. ಆಮೇಲೆ ನೆಲದ ಮೇಲೆ ಅಂಗಾತ ಮಲಗಿ, ದೀಪ ಹಿಡಿದು, ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿಯನ್ನು ತಟ್ಟುತ್ತ ಹೋದನು. ಕಡಲಗಾಳಿಯ ಊರಿನ ಕಾರಿಗೆ ತುಕ್ಕು ಇದ್ದೇ ಇರುತ್ತದೆ. ಅದು ತೊಗಲಿನದೋ ಮೂಳೆಯದೋ ಎಂಬುದನ್ನು ಸದ್ದು ಹೇಳುತ್ತದೆ. ನಮ್ಮದು ತೊಗಲಿನದು. ಟೈರಿನ ಮಗ್ಗುಲಲ್ಲಿ 3219 ಎಂದಿತ್ತು, ಎಂದರೆ 2019ನೆಯ ಇಸವಿಯ 32ನೆಯ ವಾರದಲ್ಲಿ ಮಾಡಿದ್ದು. ಹಲ್ಲು ಸವೆದಿರದಿದ್ದರೂ ರಬ್ಬರಿಗೆ ಆರು ವರ್ಷವಾಗಿ ಬಿರುಕು ಬಿಟ್ಟಿದ್ದಿತು. "ನಾಲ್ಕೂ ಹೊಸ್ತು ಹಾಕ್ಬೇಕು" ಎಂದು ಮೇಸ್ತ್ರಿಯು ಚೀಟಿಯಲ್ಲಿ ಬರೆದುಕೊಂಡನು.

ಡೀಸೆಲ್ ಬೇಕೇ ಎಂಬ ಚರ್ಚೆಯೂ ಅಲ್ಲಿಯೇ ನಡೆಯಿತು. 2020ರ ಏಪ್ರಿಲಿನಿಂದ ಬಂದ ಹೊಸ ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಸೋಸಣಿಗೆಯೊಂದಿದೆ. ದೂರ ಓಡಿ ಚೆನ್ನಾಗಿ ಕಾದಾಗ ಆ ಮಸಿ ಸುಟ್ಟುಹೋಗುತ್ತದೆ. ದಿನವೂ ಹತ್ತು ಕಿಲೋಮೀಟರು ಓಡಿ ನಿಲ್ಲುವವರಿಗೆ ಅದು ಕಟ್ಟಿಕೊಳ್ಳುತ್ತದೆ. ನಮ್ಮ ದಿನನಿತ್ಯದ ಓಡಾಟ ತೀರ್ಥಹಳ್ಳಿಯವರೆಗೆ ಮಾತ್ರ. ಈ ಕಾರು ಆ ನಿಯಮಕ್ಕಿಂತ ಮುಂಚಿನದು, ಸೋಸಣಿಗೆಯಿಲ್ಲ. ಹೊಗೆ ಹೆಚ್ಚೆಂಬ ಅಳುಕು ನನಗಿದೆ, ಮುಚ್ಚಿಡುವುದಿಲ್ಲ.

ಕಾರಿನ ನಿಜವಾದ ಪರೀಕ್ಷೆ ಘಟ್ಟದಲ್ಲಾಗಲೆಂದು ನಾನು ಕೇಳಿದೆನು. ಹಿರಿಯರು ಒಪ್ಪಿ, "ನಿಮ್ಮ ಮನೆಯವರೆಗೂ ಬರುತ್ತೇನೆ, ನಿಮ್ಮ ತಾಯಿಯವರು ಕುಳಿತು ನೋಡಲಿ. ನಾಳೆ ಬಸ್ಸಿಗೆ ಹಿಂತಿರುಗಿದರಾಯಿತು" ಎಂದರು. ಹೆಬ್ರಿಯವರೆಗೆ ನಾನು ನಡೆಸಿದೆನು. ಅಲ್ಲಿ ನನ್ನ ಭಾವಮೈದುನನೂ ಹತ್ತಿದನು, ಭಾರವಿದ್ದರೆ ಲೇಸೆಂದು. ಸೋಮೇಶ್ವರದ ಚೆಕ್‌ಪೋಸ್ಟು ದಾಟಿದ ಕೂಡಲೆ ಏರು. ಡೀಸೆಲಿನ ಎಳೆತ ಸೊಗಸಾದುದು. ಎರಡನೆಯ ಗೇರಿನಲ್ಲಿ ತಿರುವಿನಿಂದ ತಿರುವಿಗೆ ಎತ್ತು ಗಾಡಿಯನ್ನೆಳೆಯುವ ಹಾಗೆ ಎಳೆಯಿತು. ಆದರೆ ವೇಗ ತೀರ ತಗ್ಗಿದಾಗ ಗಾಳಿಯೂದುವ ಟರ್ಬೊ ಮಲಗಿಬಿಡುತ್ತದೆ. ಆಗ ಒಂದನೆಯ ಗೇರಿಗಿಳಿಯದೆ ಹಟಮಾಡಿದರೆ ಯಂತ್ರ ನಡುಗುತ್ತದೆ. ಒಂಬತ್ತನೆಯ ತಿರುವಿನಲ್ಲಿ ಮೇಲಿನಿಂದ ಬಸ್ಸೊಂದು ಬಂದಿತು. ಏರುವವನಿಗೆ ದಾರಿ ಬಿಡಬೇಕೆಂಬುದು ನಿಯಮ; ಬಸ್ಸಿನವನು ಅದನ್ನು ಮರೆತಿದ್ದನು. ನಿಂತೆವು. ಮತ್ತೆ ಹೊರಡಿಸುವಾಗ ಕ್ಲಚ್ಚು ಬಹಳ ಮೇಲೆ ಬಂದಮೇಲೆ ಹಿಡಿಯಿತು; ಸುಟ್ಟ ವಾಸನೆ ಸಣ್ಣಗೆ ಒಳಗೆ ಬಂದಿತು. ಮೇಸ್ತ್ರಿಯು ಏನೂ ಹೇಳದೆ ಚೀಟಿಯನ್ನು ತೆಗೆದನು. ಹಿರಿಯರೇ ಹೇಳಿದರು: "ನನಗೆ ಕಾಲು ಕ್ಲಚ್ಚಿನ ಮೇಲೆಯೇ ಇಟ್ಟುಕೊಳ್ಳುವ ಅಭ್ಯಾಸ. ಅವಳು ಯಾವಾಗಲೂ ಬೈಯುತ್ತಿದ್ದಳು." ಸೂರ್ಯಾಸ್ತವನ್ನು ನೋಡುವವರು ನಿಲ್ಲುವ ಕಟ್ಟೆಯ ಬಳಿ ಕಾರನ್ನು ನಿಲ್ಲಿಸಿ ಯಂತ್ರದ ಕಾವನ್ನು ನೋಡಿದೆವು, ಮುಳ್ಳು ನಡುವಿನಲ್ಲಿಯೇ ಇದ್ದಿತು. ನೀರೂ ಎಣ್ಣೆಯೂ ಸೋರಿರಲಿಲ್ಲ. ಪಡುವಣವು ಕೆಂಪಾಗಿದ್ದಿತು, ಆದರೆ ನಾವೆಲ್ಲ ಬಾನೆಟ್ಟಿನೊಳಗೆ ತಲೆಯಿಟ್ಟಿದ್ದೆವು.

ಮನೆಯ ಏರಿನಲ್ಲಿ ಅನಿರೀಕ್ಷಿತವಾದುದು ನಡೆಯಿತು. ಕಾರ್ತಿಕದಲ್ಲಿ ಮಣ್ಣು ಒಣಗಿದೆ. ಇದರ ಮೇಲೆ ಹತ್ತಿದರೆ ಏನು ತಿಳಿದೀತು? ನನ್ನ ಹೆಂಡತಿಯು ಮರುದಿನ ಬೆಳಗ್ಗೆ ತೋಟದ ಪಂಪನ್ನು ಹಾಕಿ ಪೈಪಿನಿಂದ ಏರನ್ನೆಲ್ಲ ನೆನೆಸಿ, "ಈಗ ಹತ್ತಿಸಿ" ಎಂದಳು. ಮೂರು ಜನರನ್ನು ಕೂರಿಸಿಕೊಂಡು ಹೋದೆನು. ಹೊಟ್ಟೆ ಎಲ್ಲಿಯೂ ತಾಗಲಿಲ್ಲ, ನಡುದಿಬ್ಬವನ್ನು ಕಾರು ಗೌರವದಿಂದ ದಾಟಿತು. ಆದರೆ ಕಡಿದಾದ ಜಾಗದಲ್ಲಿ ಮುಂದಿನ ಗಾಲಿಗಳು ಗಿರ್ರನೆ ತಿರುಗಿ ನಿಂತಲ್ಲಿಯೇ ನಿಂತಿತು. ಏರಿನಲ್ಲಿ ಭಾರವು ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕಾದ ಮುಂದಿನ ಗಾಲಿಗಳು ಹಗುರವಾಗುತ್ತವೆ. ನನ್ನ ಮುಖವನ್ನು ಕಂಡು ಮೇಸ್ತ್ರಿಯು, "ಹನ್ನೆರಡು ಲಕ್ಷದ್ದು ತಂದಿದ್ರೂ ಇಲ್ಲೇ ನಿಲ್ತಿತ್ತು ಗೌಡ್ರೇ. ಗಾಡಿ ಸರಿಯಾಗಿದೆ, ದಾರಿ ಸರಿಯಿಲ್ಲ. ಐವತ್ತು ಅಡಿ ಕಲ್ಲು ಹಾಸಿ, ಮಗ್ಗುಲಲ್ಲಿ ಚರಂಡಿ ತೋಡಿ" ಎಂದನು. ಹನ್ನೊಂದು ವರ್ಷ ಕಾರನ್ನೇ ಬಯ್ದವನಿಗೆ ಈ ಮಾತು ನಾಟಿತು. ಆಷಾಢದ ಆ ರಾತ್ರಿ ನಮ್ಮನ್ನು ನಿಲ್ಲಿಸಿದುದರಲ್ಲಿ ಅರ್ಧ ಪಾಲು ನನ್ನ ಸೋಮಾರಿತನದ್ದು.

ಅಮ್ಮ ಕೋಲೂರಿಕೊಂಡು ಬಂದಳು. ಬೆನ್ನು ತಿರುಗಿಸಿ ಕುಳಿತಳು. ಮೇಲೆ ಹಿಡಿಯಲು ಕೈಚಾಚಿದಾಗ, ಒಳಗಿನ ಹಿಡಿಕೆಗೆ ದಪ್ಪ ಬಟ್ಟೆಯ ಉಂಗುರವೊಂದು ಕಟ್ಟಿದ್ದುದು ಸಿಕ್ಕಿತು. ಬೆರಳು ಮಡಚಲಾರದ ಹೆಂಡತಿಗೆಂದು ಹಿರಿಯರು ಹೊಲಿಸಿದ್ದುದು. "ಇದನ್ನು ಬಿಚ್ಚಬೇಡ ಮಗಾ" ಎಂದು ಅಮ್ಮ ನನಗೆ ಹೇಳಿದಳು. ಹಿರಿಯರು ಅಂಗಳದ ಆಚೆ ತೋಟವನ್ನು ನೋಡುತ್ತ ನಿಂತರು.

ಅವರು 6 ಲಕ್ಷ 30 ಸಾವಿರ ಕೇಳಿದ್ದರು. ಹೊಸದರ ತೆರಿಗೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕೆಂಬ ನನ್ನ ಹೆಂಡತಿಯ ವಾದವನ್ನು ಅವರು ನಗುತ್ತ ಒಪ್ಪಿದರು; ಟೈರಿಗೂ ಕ್ಲಚ್ಚಿಗೂ ಕಳೆದು 5 ಲಕ್ಷ 70 ಸಾವಿರಕ್ಕೆ ಮಾತು ಮುಗಿಯಿತು. ಸಾಲ ತೀರಿ ಬ್ಯಾಂಕಿನ ಹೆಸರು ದಾಖಲೆಯಿಂದ ಹೋಗಿದೆಯೇ, ದಂಡದ ಬಾಕಿಯಿದೆಯೇ ಎಂಬುದನ್ನು ಸಾರಿಗೆ ಇಲಾಖೆಯ ವಾಹನ್ ಜಾಲದಲ್ಲಿ ಮಗಳು ನೋಡಿದಳು. ಆ ಹೊತ್ತಿಗಾಗಲೆ ನಾನು ಮುಂಗಡ ಕೊಟ್ಟಾಗಿತ್ತು. ಅದನ್ನು ಘಟ್ಟವಿಳಿಯುವ ಮೊದಲೇ ನೋಡಬೇಕಾಗಿತ್ತೆಂದು ಅವಳಿಂದ ಬೈಸಿಕೊಂಡೆನು. 29 ಮತ್ತು 30ನೆಯ ನಮೂನೆಗಳಿಗೆ ಹಿರಿಯರು ರುಜು ಮಾಡಿದರು. ವಿಮೆಯನ್ನು 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಬೇಕಾಗಿತ್ತು, ಮಾಡಿಸಿದೆನು. ಅಪಘಾತವಿಲ್ಲದ ವರ್ಷಗಳ ರಿಯಾಯಿತಿ ಕಾರಿನೊಡನೆ ಬರುವುದಿಲ್ಲ, ಅದು ಹಳೆಯ ಯಜಮಾನನದೇ ಎಂಬುದು ಆಗಲೇ ತಿಳಿದದ್ದು.

ಮಗಳ ಗಂಟಿಗೆ ಕೈಹಾಕಲಿಲ್ಲ. ಚರಂಡಿಯ ಕೆಲಸ ಮುಗಿದಿದೆ. ಕಲ್ಲು ಮೂವತ್ತು ಅಡಿಯವರೆಗೆ ಬಂದಿದೆ, ಉಳಿದುದು ಅಡಕೆ ಸುಲಿತ ಮುಗಿದ ಮೇಲೆ. ಮಣಿಪಾಲದಿಂದ ವಾರಕ್ಕೊಮ್ಮೆ ಫೋನು ಬರುತ್ತದೆ. ಮೊದಲು ಅಮ್ಮನ ಆರೋಗ್ಯ, ಆಮೇಲೆ ಕ್ಲಚ್ಚು ಹಾಕಿಸಿದಿರೋ ಎಂಬ ಪ್ರಶ್ನೆ.